ಮುಟ್ಟಿನ ಏರುಪೇರು: ಮುಚ್ಚಿಡಬೇಡಿ, ಹೆದರಬೇಡಿ, ಆತುರವೂ ಬೇಡ

ತಲೆನೋವು ಬಂದರೆ ಮನೆಮಂದಿಗೆಲ್ಲ ಹೇಳುತ್ತೇವೆ. ಕಾಲು ಉಳುಕಿದರೆ ನೆರೆಮನೆಯವರಿಗೂ ತಿಳಿಯುತ್ತದೆ. ಆದರೆ ಮುಟ್ಟು ಹದಿನೈದು ದಿನವಾದರೂ ನಿಲ್ಲದಿದ್ದರೆ, ಅದನ್ನು ಗಂಡನಿಗೂ ತಾಯಿಗೂ ಹೇಳದೆ ಬಟ್ಟೆ ಬದಲಿಸುತ್ತಾ ಕೆಲಸಕ್ಕೆ ಹೋಗುವ ಹೆಂಗಸರು ನಮ್ಮಲ್ಲಿ ಬಹಳ ಮಂದಿ. ಕೊನೆಗೆ ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬಂದು, ತಲೆ ಸುತ್ತಿ ಬಿದ್ದಾಗಲೇ ವಿಷಯ ಹೊರಗೆ ಬರುತ್ತದೆ.

ಸುವಾರ್ತೆಯಲ್ಲಿ ಬರುವ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ನಮಗೆಲ್ಲ ಗೊತ್ತು. ಇದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು, ಜನರ ಮುಂದೆ ಬರಲೂ ಅಂಜಿ, ಹಿಂದಿನಿಂದ ಬಂದು ಉಡುಪಿನ ಅಂಚನ್ನು ಮುಟ್ಟಿದವಳು ಆಕೆ. ಆ ಅಂಜಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಆಕೆಗೆ ಸಿಗದ ಔಷಧ ಮತ್ತು ಪರೀಕ್ಷೆಗಳು ಇಂದು ನಮಗೆ ಸಿಗುತ್ತವೆ. ತಿಳಿದು ಬಳಸಿಕೊಳ್ಳಬೇಕು, ಅಷ್ಟೇ.

ಸರಿಯಾದ ಮುಟ್ಟು ಯಾವುದು?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 24ರಿಂದ 38 ದಿನಗಳ ಅಂತರವಿದ್ದರೆ ಅದು ಸಹಜ. ಎಲ್ಲರಿಗೂ 28 ದಿನಕ್ಕೇ ಆಗಬೇಕೆಂಬ ನಿಯಮವಿಲ್ಲ. ಸ್ರಾವ 8 ದಿನಗಳೊಳಗೆ ನಿಲ್ಲಬೇಕು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ಮಿಲಿಲೀಟರ್ ಮೀರಿದರೆ ಅದು ಅತಿಸ್ರಾವ.

ಮನೆಯಲ್ಲಿ ಯಾರೂ ರಕ್ತವನ್ನು ಅಳೆಯುವುದಿಲ್ಲ. ಹಾಗಾಗಿ ಈ ಗುರುತುಗಳನ್ನು ನೆನಪಿಡಿ: ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಪ್ಯಾಡು ಅಥವಾ ಬಟ್ಟೆ ಬದಲಿಸಬೇಕಾಗುವುದು, ರಾತ್ರಿ ಎದ್ದು ಬದಲಿಸಬೇಕಾಗುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುವುದು, ಎರಡು ಮುಟ್ಟಿನ ನಡುವೆ ಕಲೆಯಾಗುವುದು, ದಾಂಪತ್ಯ ಸಂಪರ್ಕದ ನಂತರ ರಕ್ತ ಕಾಣುವುದು. ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಬೇಕು.

ಕಾರಣ ಒಂದೇ ಅಲ್ಲ

ಮುಟ್ಟಿನ ಏರುಪೇರು ಒಂದು ರೋಗದ ಹೆಸರಲ್ಲ. ಅದು ಜ್ವರದ ಹಾಗೆ ಒಂದು ಲಕ್ಷಣ ಮಾತ್ರ. ಜಗತ್ತಿನ ಸ್ತ್ರೀರೋಗ ತಜ್ಞರ ಒಕ್ಕೂಟವು 2011ರಲ್ಲಿ ಇದರ ಕಾರಣಗಳನ್ನು ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ನಮ್ಮ ತಿಳಿವಳಿಕೆಗೆ ವಯಸ್ಸಿಗೆ ತಕ್ಕಂತೆ ನೋಡುವುದು ಸುಲಭ.

ಹೊಸದಾಗಿ ಋತುಮತಿಯಾದ ಹುಡುಗಿಯರಲ್ಲಿ ಮೊದಲ ಎರಡು ಮೂರು ವರ್ಷ ಅಂಡಾಶಯದಿಂದ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವುದಿಲ್ಲ. ಅಂಡ ಬಿಡುಗಡೆಯಾಗದಿದ್ದರೆ ಗರ್ಭಕೋಶದ ಒಳಪೊರೆ ಬೆಳೆಯುತ್ತಲೇ ಹೋಗಿ, ತಡವಾಗಿ, ಒಮ್ಮೆಲೇ ಹೆಚ್ಚಾಗಿ ಸುರಿಯುತ್ತದೆ. ಇದು ಹೆಚ್ಚಾಗಿ ತಾನಾಗಿಯೇ ಸರಿಹೋಗುತ್ತದೆ. ಆದರೆ ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋಗುತ್ತಿದ್ದು, ಮೂಗಿನಿಂದ ಅಥವಾ ಒಸಡಿನಿಂದಲೂ ಆಗಾಗ ರಕ್ತ ಬರುತ್ತಿದ್ದರೆ, ರಕ್ತ ಹೆಪ್ಪುಗಟ್ಟುವ ಶಕ್ತಿಯಲ್ಲಿ ಹುಟ್ಟಿನಿಂದಲೇ ಕೊರತೆ ಇರಬಹುದು. ಅದನ್ನು ಪರೀಕ್ಷಿಸಬೇಕು.

ಇಪ್ಪತ್ತರಿಂದ ನಲವತ್ತರ ನಡುವಿನವರಲ್ಲಿ ಮೊದಲು ಯೋಚಿಸಬೇಕಾದದ್ದು ಬಸಿರಿನ ಬಗ್ಗೆ. ಮುಟ್ಟು ತಡವಾಗಿ, ನಂತರ ಸ್ವಲ್ಪ ಸ್ವಲ್ಪ ರಕ್ತ, ಜೊತೆಗೆ ಕಿಬ್ಬೊಟ್ಟೆಯ ಒಂದು ಕಡೆ ನೋವು ಇದ್ದರೆ ಅದು ಗರ್ಭಕೋಶದ ಹೊರಗೆ, ನಾಳದಲ್ಲಿ ಕಟ್ಟಿದ ಬಸಿರಾಗಿರಬಹುದು. ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ಇದಲ್ಲದೆ ಥೈರಾಯ್ಡ್ ಗ್ರಂಥಿಯ ದೋಷ, ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆಗಳಾಗುವ ಪಿ.ಸಿ.ಒ.ಡಿ., ಕಾಪರ್-ಟಿ ಹಾಕಿಸಿಕೊಂಡಿರುವುದು, ಗರ್ಭಕೋಶದ ಸೋಂಕು ಇವೂ ಕಾರಣಗಳು.

ನಲವತ್ತು ದಾಟಿದವರಲ್ಲಿ ಗರ್ಭಕೋಶದ ಮಾಂಸದ ಗಡ್ಡೆಗಳು ಅಂದರೆ ಫೈಬ್ರಾಯ್ಡ್, ಒಳಪೊರೆಯೇ ಗೋಡೆಯೊಳಗೆ ಸೇರಿ ಗರ್ಭಕೋಶ ಊದಿಕೊಳ್ಳುವ ಅಡಿನೋಮಯೋಸಿಸ್, ಒಳಪೊರೆಯ ಮೇಲಿನ ಪಾಲಿಪ್ ಗಂಟುಗಳು ಹೆಚ್ಚು. ಫೈಬ್ರಾಯ್ಡ್ ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಕಾಗಿಲ್ಲ. ಅದು ಕ್ಯಾನ್ಸರ್ ಆಗುವುದು ತೀರ ಅಪರೂಪ. ಮುಟ್ಟು ನಿಲ್ಲುವ ಕಾಲ ಸಮೀಪಿಸಿದಾಗ ಹಾರ್ಮೋನುಗಳ ಏರಿಳಿತದಿಂದಲೂ ಸ್ರಾವ ಹೆಚ್ಚುಕಡಿಮೆ ಆಗುತ್ತದೆ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದನ್ನು ಅಲಕ್ಷ್ಯ ಮಾಡಬಾರದು. ಇಂತಹವರಲ್ಲಿ ಹೆಚ್ಚಿನವರಿಗೆ ಒಳಪೊರೆ ಒಣಗಿ ತೆಳುವಾದದ್ದೇ ಕಾರಣವಾಗಿರುತ್ತದೆ. ಆದರೆ ಹತ್ತರಲ್ಲಿ ಸುಮಾರು ಒಬ್ಬರಿಗೆ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ. ಆಗಲೇ ಕಂಡುಹಿಡಿದರೆ ಬಹುಪಾಲು ಗುಣವಾಗುವ ಕ್ಯಾನ್ಸರ್ ಇದು. "ಅಜ್ಜಿಗೆ ಮತ್ತೆ ಮುಟ್ಟು ಬಂತು" ಎಂದು ನಗುವ ವಿಷಯವಲ್ಲ.

ಬನಿಯನ್ ಕಂಪೆನಿಯ ಹೆಸರಿಲ್ಲದ ಮಾತ್ರೆ

ನಮ್ಮ ಪೀಳಮೇಡು, ಸಿಂಗಾನಲ್ಲೂರು, ಅವಿನಾಶಿ, ತಿರುಪ್ಪೂರು ಸೀಮೆಯಲ್ಲಿ ಮಿಲ್ಲಿಗೋ ಬನಿಯನ್ ಕಂಪೆನಿಗೋ ಹೋಗುವ ಹೆಣ್ಣುಮಕ್ಕಳು ಲಕ್ಷಗಟ್ಟಲೆ. ಅವರಿಗೆ ಸಂಬಂಧಿಸಿದ ಒಂದು ವರದಿಯನ್ನು ಇಲ್ಲಿ ಹೇಳಲೇಬೇಕು. 2019ರಲ್ಲಿ ಥಾಮ್ಸನ್ ರಾಯ್ಟರ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಪತ್ರಕರ್ತರು ತಮಿಳುನಾಡಿನ ಗಾರ್ಮೆಂಟ್ ಕೆಲಸದ ಸುಮಾರು 100 ಮಂದಿ ಹೆಂಗಸರನ್ನು ಮಾತಾಡಿಸಿದರು. ಮುಟ್ಟಿನ ನೋವು ಎಂದಾಗ ಕೆಲಸದ ಜಾಗದಲ್ಲೇ ಹೆಸರಿಲ್ಲದ, ಚೀಟಿಯಿಲ್ಲದ ಮಾತ್ರೆ ಕೊಡುತ್ತಿದ್ದರೆಂದು ಅವರೆಲ್ಲರೂ ಹೇಳಿದರು. ಅದರಿಂದ ಆರೋಗ್ಯ ಕೆಟ್ಟಿತೆಂದು ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದರು.

ನೋವಿನ ಮಾತ್ರೆಯೇ ಕೆಟ್ಟದ್ದಲ್ಲ. ವೈದ್ಯರು ಹೇಳಿದ ಅಳತೆಯಲ್ಲಿ, ಊಟವಾದ ಮೇಲೆ, ಎರಡು ಮೂರು ದಿನ ತೆಗೆದುಕೊಂಡರೆ ಅದು ಉಪಕಾರಿ. ಆದರೆ ಬರೀ ಹೊಟ್ಟೆಯಲ್ಲಿ, ತಿಂಗಳು ತಿಂಗಳೂ, ಏನೆಂದು ತಿಳಿಯದೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಅದಕ್ಕಿಂತ ಮುಖ್ಯವಾದದ್ದು, ನೋವು ಅಡಗುತ್ತದೆ, ನೋವಿನ ಕಾರಣ ಒಳಗೇ ಬೆಳೆಯುತ್ತದೆ. ಹಾಗೆಯೇ ಮದುವೆ, ಹಬ್ಬ, ಯಾತ್ರೆ ಎಂದು ಮುಟ್ಟು ಮುಂದೂಡುವ ಹಾರ್ಮೋನು ಮಾತ್ರೆಯನ್ನು ಔಷಧದಂಗಡಿಯಿಂದ ತಾವೇ ತಂದು ನುಂಗುವವರೂ ಇದ್ದಾರೆ. ಮಾತ್ರೆ ನಿಲ್ಲಿಸಿದ ಮೇಲೆ ಸ್ರಾವ ಜೋರಾಗಬಹುದು, ಮುಂದಿನ ತಿಂಗಳ ಲೆಕ್ಕವೂ ತಪ್ಪಬಹುದು. ಹೆಸರು ತಿಳಿಯದ ಮಾತ್ರೆಯನ್ನು ಯಾರು ಕೊಟ್ಟರೂ ನುಂಗಬೇಡಿ. ಪಟ್ಟಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ.

ಯಾವ ಪರೀಕ್ಷೆ, ಯಾವ ಚಿಕಿತ್ಸೆ?

ವೈದ್ಯರ ಬಳಿ ಹೋಗುವಾಗ ಕಳೆದ ಮೂರು ಮುಟ್ಟಿನ ತಾರೀಖು, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡು ಎಂಬುದನ್ನು ಬರೆದುಕೊಂಡು ಹೋಗಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಸಾಕು. ಮನೆಯಲ್ಲಿ ಕನ್ನಡವಾಡುವ ನಮ್ಮ ತಾಯಂದಿರು ಇಲ್ಲಿಯ ಆಸ್ಪತ್ರೆಯಲ್ಲಿ ಮಾತು ತೋಚದೆ "ಹೊಟ್ಟೆನೋವು" ಎಂದಷ್ಟೇ ಹೇಳಿ ಬರುವುದುಂಟು. ತಮಿಳಿನಲ್ಲಿ ಮುಟ್ಟಿಗೆ ಮಾದವಿಡಾಯ್, ರಕ್ತಸ್ರಾವಕ್ಕೆ ರತ್ತಪ್ಪೋಕ್ಕು, ಗರ್ಭಕೋಶಕ್ಕೆ ಕರ್ಪಪ್ಪೈ ಎನ್ನುತ್ತಾರೆ. ಈ ಮೂರು ಮಾತು ಸಾಕು.

ಸಾಮಾನ್ಯವಾಗಿ ಬಸಿರಿನ ಪರೀಕ್ಷೆ, ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆ, ಬೇಕಾದರೆ ಥೈರಾಯ್ಡ್, ಆಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. 45 ದಾಟಿದವರಿಗೆ, ಬೊಜ್ಜು ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ ಒಳಪೊರೆಯ ಚೂರು ತೆಗೆದು ಪರೀಕ್ಷಿಸುವುದು ಅಗತ್ಯವಾಗಬಹುದು.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಸ್ರಾವದ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿಂದ ರಕ್ತ ಹೋಗುವುದು ಸುಮಾರು ಅರ್ಧದಷ್ಟು ತಗ್ಗಬಹುದು. ಆದರೆ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಕೂಡದು. ಮೆಫೆನಾಮಿಕ್ ಆಸಿಡ್ ನೋವನ್ನೂ ಸ್ರಾವವನ್ನೂ ತಗ್ಗಿಸುತ್ತದೆ. ಅಂಡ ಬಿಡುಗಡೆಯಾಗದವರಿಗೆ ಹಾರ್ಮೋನು ಮಾತ್ರೆ ಲೆಕ್ಕವನ್ನು ಸರಿಪಡಿಸುತ್ತದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನವೊಂದಿದೆ. ಅದು ಐದು ವರ್ಷ ಅಥವಾ ಹೆಚ್ಚು ಕಾಲ ಕೆಲಸ ಮಾಡಿ ಅತಿಸ್ರಾವವನ್ನು ಬಹಳವಾಗಿ ಇಳಿಸುತ್ತದೆ. ಪಾಲಿಪ್ ಅಥವಾ ಗಡ್ಡೆಯನ್ನು ಮಾತ್ರ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಚಿಕಿತ್ಸೆಯೂ ಇದೆ.

ಇಂತಹ ಮಾತ್ರೆಗಳು ಗರ್ಭನಿರೋಧಕಗಳೂ ಆಗಿರುವುದರಿಂದ ನಮ್ಮ ಕೆಲವು ತಾಯಂದಿರು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ರೋಗ ಗುಣಪಡಿಸಲು ನಿಜವಾಗಿ ಬೇಕಾದ ಔಷಧವನ್ನು, ಅದರಿಂದ ಗರ್ಭ ನಿಲ್ಲದಿದ್ದರೂ, ತೆಗೆದುಕೊಳ್ಳುವುದು ತಪ್ಪಲ್ಲವೆಂದು 1968ರ ಪೋಪರ ವಿಶ್ವಪತ್ರ 'ಹ್ಯೂಮಾನೇ ವೀಟೇ' 15ನೆಯ ಪರಿಚ್ಛೇದದಲ್ಲೇ ತಿಳಿಸಿದೆ. ಸಂದೇಹವಿದ್ದರೆ ಗುರುಗಳನ್ನು ಕೇಳಿ. ಔಷಧ ಬಿಟ್ಟು ರಕ್ತ ಕಳೆದುಕೊಳ್ಳಬೇಡಿ.

"ತೆಗೆಸಿಬಿಟ್ಟರೆ ಪೀಡೆ ಹೋಯಿತು"

ಗರ್ಭಕೋಶವನ್ನೇ ತೆಗೆಸುವುದು ಕೊನೆಯ ದಾರಿ. ಕ್ಯಾನ್ಸರ್, ಬೇರೆ ಚಿಕಿತ್ಸೆಗೆ ಬಗ್ಗದ ಅತಿಸ್ರಾವ, ತುಂಬ ದೊಡ್ಡ ಗಡ್ಡೆ ಇಂತಹವಕ್ಕೆ ಅದು ಬೇಕಾಗುತ್ತದೆ, ಪ್ರಾಣವನ್ನೂ ಉಳಿಸುತ್ತದೆ. ಆದರೆ ಮಕ್ಕಳಾಯಿತು, ಇನ್ನೇಕೆ ಎಂದು ಮೂವತ್ತರ ಹರೆಯದಲ್ಲೇ ತೆಗೆಸುವುದು ಸರಿಯಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮರುದಿನದಿಂದಲೇ ಮುಟ್ಟು ನಿಂತವರ ಸ್ಥಿತಿ. ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ ಬೇಗ ಬರುತ್ತದೆ. ಅಂಡಾಶಯ ಉಳಿಸಿದರೂ ಅದು ಕೆಲವು ವರ್ಷ ಮುಂಚೆಯೇ ಸೋಲಬಹುದು. ಭಾರ ಹೊತ್ತು, ಬಗ್ಗಿ ಕಳೆ ಕಿತ್ತು ಬದುಕುವ ಹೆಂಗಸಿಗೆ ಇದು ಸಣ್ಣ ನಷ್ಟವಲ್ಲ.

2015ರಲ್ಲಿ ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಬಡ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದದ್ದು ಬೆಳಕಿಗೆ ಬಂದು ಸರ್ಕಾರ ತನಿಖೆ ನಡೆಸಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯವೂ ಹಾಗೆಯೇ ಹೊರಬಂತು. ಮುಟ್ಟಿನಿಂದ ಕೂಲಿ ತಪ್ಪಬಾರದೆಂದು ತೆಗೆಸಿದವರೂ ಅವರಲ್ಲಿದ್ದರು. ಇಂತಹ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಆದ್ದರಿಂದ "ತೆಗೆಯಬೇಕು" ಎಂದೊಡನೆ ಮೂರು ಪ್ರಶ್ನೆ ಕೇಳಿ: ಕಾರಣವೇನು? ಔಷಧದಿಂದ ಆಗುವುದಿಲ್ಲವೇ? ಅಂಡಾಶಯವನ್ನು ಉಳಿಸುತ್ತೀರಾ? ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಅವಮಾನವಲ್ಲ, ಅದು ನಿಮ್ಮ ಹಕ್ಕು.

ಪಕ್ಕದ ಜಿಲ್ಲೆಯ ಪಾಠ

ಸಂಪರ್ಕದ ನಂತರ ರಕ್ತ, ದುರ್ವಾಸನೆಯ ಬಿಳುಪು ಇವು ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ಇದನ್ನು ಲಕ್ಷಣ ಕಾಣುವ ಮೊದಲೇ ಹಿಡಿಯಲು ಸಾಧ್ಯ. ನಮ್ಮ ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲಿ ಅಂಬಿಳಿಕ್ಕೈ ಊರಿನ ಕ್ರೈಸ್ತ ಸಮುದಾಯ ಆರೋಗ್ಯ ಕೇಂದ್ರದ ನೆರವಿನಿಂದ 2000ದಲ್ಲಿ ಒಂದು ಅಧ್ಯಯನ ಆರಂಭವಾಯಿತು. ತರಬೇತಿ ಪಡೆದ ದಾದಿಯರು 30ರಿಂದ 59 ವಯಸ್ಸಿನ ಹಳ್ಳಿ ಹೆಂಗಸರ ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾಗುವ ಜಾಗವಿದೆಯೇ ಎಂದು ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಸಲದ ಈ ಪರೀಕ್ಷೆಯಿಂದ ಹೊಸ ಕ್ಯಾನ್ಸರ್ ಶೇಕಡ 25ರಷ್ಟು, ಸಾವು ಶೇಕಡ 35ರಷ್ಟು ಕಡಿಮೆಯಾಯಿತು. ದೊಡ್ಡ ಯಂತ್ರವಿಲ್ಲದೆ, ಕೆಲವೇ ನಿಮಿಷಗಳಲ್ಲಿ ಆಗುವ ಪರೀಕ್ಷೆ ಇದು. ಮೂವತ್ತು ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿಕೊಳ್ಳಿ.

ಹಿತ್ತಲಲ್ಲಿ ರಕ್ತ ಬೆಳೆಸಿ

2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 53ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇಕಡ 48ರಷ್ಟು. ಮೊದಲೇ ರಕ್ತ ಕಡಿಮೆ, ಅದರ ಮೇಲೆ ಅತಿಸ್ರಾವ ಎಂದರೆ ತೂತಾದ ಕೊಡಕ್ಕೆ ಅರ್ಧ ನೀರು ಹಾಕಿದ ಹಾಗೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಬೇಕು. ಮಲ ಕಪ್ಪಾಗುತ್ತದೆ ಎಂದು ಹೆದರಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಎರಡು ಮೂರು ತಿಂಗಳು ಮುಂದುವರಿಸಬೇಕು.

ಮಾತ್ರೆಯ ಜೊತೆಗೆ ಆಹಾರ. ಮನೆಯ ಹಿಂದೆ ನಾಲ್ಕು ಅಡಿ ಜಾಗವಿದ್ದರೂ ಒಂದು ನುಗ್ಗೆ ಗಿಡ ಇರಲಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪೆರಿಯಕುಳಂ ತೋಟಗಾರಿಕಾ ಕಾಲೇಜು ಹೊರತಂದ ಪಿ.ಕೆ.ಎಂ-1 ತಳಿಯನ್ನು ಬೀಜದಿಂದಲೇ ಬೆಳೆಸಬಹುದು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಗೊಬ್ಬರ, ಮೇಲ್ಮಣ್ಣು ತುಂಬಿ ಬೀಜ ಊರಿ. ಹೆಚ್ಚು ಗಿಡ ಹಾಕುವವರು ಗಿಡದಿಂದ ಗಿಡಕ್ಕೆ ಎರಡೂವರೆ ಮೀಟರ್ ಬಿಡಿ. ಗಿಡ ಎರಡೂವರೆ ಅಡಿ ಬಂದಾಗ ಕುಡಿ ಚಿವುಟಿದರೆ ಕವಲೊಡೆದು ಸೊಪ್ಪು ಹೆಚ್ಚುತ್ತದೆ. ಆರು ತಿಂಗಳಿಗೆ ಕಾಯಿಯೂ ಸಿಗುತ್ತದೆ. ನಡುವೆ ದಂಟಿನ ಸೊಪ್ಪು ಚೆಲ್ಲಿದರೆ ಒಂದು ತಿಂಗಳೊಳಗೆ ಕೀಳಬಹುದು.

ಸೊಪ್ಪಿನ, ಕಾಳಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಅದಕ್ಕೆ ನಿಂಬೆರಸ, ನೆಲ್ಲಿಕಾಯಿ, ಟೊಮೇಟೊ ಜೊತೆಗಿರಬೇಕು. ಊಟದ ಜೊತೆಗೂ ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಕಬ್ಬಿಣವನ್ನು ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಮೀನು, ಮೊಟ್ಟೆ, ಮಾಂಸ, ಈರಲು ತಿನ್ನುವ ಮನೆಗಳಲ್ಲಿ ಗಂಡಸರಿಗೂ ಮಕ್ಕಳಿಗೂ ಬಡಿಸಿ ಉಳಿದ ಸಾರು ತಾಯಿಗೆ ಎನ್ನುವ ಪದ್ಧತಿ ನಿಲ್ಲಲಿ.

ತಡಮಾಡದೆ ಹೋಗಬೇಕಾದದ್ದು

ಗಂಟೆಗೊಂದು ಪ್ಯಾಡು ತುಂಬಿ ಎರಡು ಮೂರು ಗಂಟೆ ಮೀರಿದರೆ, ತಲೆಸುತ್ತು, ಎದೆಬಡಿತ ಇದ್ದರೆ, ಬಸಿರಿನ ಸಂದೇಹದೊಂದಿಗೆ ರಕ್ತ ಅಥವಾ ಹೊಟ್ಟೆನೋವು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ; 108ಕ್ಕೆ ಫೋನು ಮಾಡಿ. ಉಳಿದವರಿಗೆ ಕೊಯಮತ್ತೂರು ಮತ್ತು ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಇ.ಎಸ್.ಐ. ಕಾರ್ಡಿರುವ ಕಾರ್ಮಿಕರಿಗೆ ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆ, ಪೀಳಮೇಡಿನಲ್ಲೇ ಪಿ.ಎಸ್.ಜಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಕೊನೆಯ ಮಾತು ಮನೆಯ ಗಂಡಸರಿಗೆ. ಹೊಲದ ಮೋಟಾರು ಕೆಟ್ಟರೆ ಅಂದೇ ಮೆಕ್ಯಾನಿಕ್ಕನ್ನು ಕರೆಯುತ್ತೀರಿ, ಹಸು ಮೇವು ಬಿಟ್ಟರೆ ಅಂದೇ ದನದ ಡಾಕ್ಟರನ್ನು ಕರೆಯುತ್ತೀರಿ. ಹೆಂಡತಿಯೋ ತಾಯಿಯೋ ಮಗಳೋ ಬಿಳಿಚಿಕೊಂಡಿದ್ದರೆ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಆಸ್ಪತ್ರೆಗೆ ಹೋಗಿ. ಆಕೆ ತಾನಾಗಿ ಹೇಳಲಾರಳು, ನೀವೇ ಕೇಳಿ.