ಮಧುಮೇಹದ ಸಾವು: ಯಾವ ದೇಶದಲ್ಲಿ ಎಷ್ಟು, ಯಾವ ಲೆಕ್ಕದಲ್ಲಿ?

ಅರಿಶಿನಕುಂಟೆಯಲ್ಲಿ ನಾಲ್ಕು ಲೇತ್ ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗಗಳನ್ನು ತಯಾರಿಸುತ್ತಿದ್ದ ನನ್ನ ಕಕ್ಷಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಕಾರ್ಯವಿಧಿಗಳೆಲ್ಲ ಮುಗಿಯುವ ಮೊದಲೇ ಅವರ ಭಾವಮೈದುನ ನನ್ನನ್ನು ಪಕ್ಕಕ್ಕೆ ಕರೆದು, "ಆಡಿಟರ್ ಸಾರ್, ಡಾಕ್ಟರ ಹತ್ತಿರ ಒಂದು ಮಾತು ಹೇಳಿ. ಸರ್ಟಿಫಿಕೇಟಿನಲ್ಲಿ ಹಾರ್ಟ್ ಅಟ್ಯಾಕ್ ಅಂತ ಮಾತ್ರ ಇರಲಿ, ಶುಗರ್ ಅಂತ ಬರೆಯೋದು ಬೇಡ" ಎಂದು ಕೇಳಿಕೊಂಡರು. ಯಂತ್ರದ ಸಾಲದ ಜೊತೆ ಪಡೆದಿದ್ದ ಜೀವವಿಮೆಯ ಪ್ರಸ್ತಾವನಾ ಪತ್ರದಲ್ಲಿ ಮಧುಮೇಹವಿದೆಯೇ ಎಂಬ ಪ್ರಶ್ನೆಗೆ "ಇಲ್ಲ" ಎಂದು ಗುರುತು ಹಾಕಲಾಗಿತ್ತು. ಆ ಗುರುತು ಬಿದ್ದದ್ದು ನನ್ನ ಕಚೇರಿಯ ಮೇಜಿನ ಮೇಲೆಯೇ. ನಾನು ನೋಡಿಯೂ ಸುಮ್ಮನಿದ್ದೆ.

ನಾನು ವೈದ್ಯರಲ್ಲಿ ಹೋಗಿ ಕೇಳಿದೆನೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಅವರು ಕೋಪಿಸಿಕೊಳ್ಳಲಿಲ್ಲ. "ಬ್ಯಾಲೆನ್ಸ್ ಶೀಟಿನಲ್ಲಿ ಇರುವ ಸಾಲವನ್ನು ಬಿಟ್ಟು ನೀವು ಸಹಿ ಹಾಕುತ್ತೀರಾ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಧುಮೇಹದ ಮರಣ ಪ್ರಮಾಣ ದೇಶದಿಂದ ದೇಶಕ್ಕೆ ಏಕೆ ಬೇರೆಯಾಗಿದೆ ಎಂಬ ವಿಷಯವನ್ನು ನಾನು ಓದಲು ಆರಂಭಿಸಿದ್ದು ಆ ದಿನದ ನಂತರವೇ. ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಉಪಯೋಗವಾದೀತೆಂಬ ಭಾವನೆಯಿಂದ ಅದರ ಸಾರಾಂಶವನ್ನು ಇಲ್ಲಿ ಮಂಡಿಸುತ್ತಿದ್ದೇನೆ.

ಒಂದೇ ವಿಷಯ, ಹಲವು ಮೊತ್ತ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಮಧುಮೇಹವೇ ನೇರ ಕಾರಣವಾಗಿ ಪ್ರಪಂಚದಲ್ಲಿ 16 ಲಕ್ಷಕ್ಕೂ ಹೆಚ್ಚು ಮಂದಿ ಮರಣ ಹೊಂದಿದರು. ಇವರಲ್ಲಿ ಶೇ. 47ರಷ್ಟು ಮಂದಿ 70 ವರ್ಷವನ್ನು ತಲುಪಿರಲಿಲ್ಲ. ಮಧುಮೇಹದಿಂದ ಉಂಟಾದ ಮೂತ್ರಪಿಂಡ ರೋಗದಿಂದ ಸತ್ತವರು ಇದಲ್ಲದೆ ಇನ್ನೂ 5.3 ಲಕ್ಷ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವಾದರೋ 2021ಕ್ಕೆ 67 ಲಕ್ಷ ಎಂದು ಹೇಳಿತ್ತು. ಲೆಕ್ಕದ ವಿಧಾನವನ್ನು ಬದಲಿಸಿದ ಬಳಿಕ 2024ಕ್ಕೆ 34 ಲಕ್ಷ ಎಂದಿತು. ಮೂರು ವರ್ಷಗಳಲ್ಲಿ ಸಾವು ಅರ್ಧಕ್ಕೆ ಇಳಿಯಿತೆಂದು ಇದನ್ನು ತಿಳಿಯಬಾರದು. ಸವಕಳಿಯ ವಿಧಾನವನ್ನು ಬದಲಿಸಿದರೆ ಯಂತ್ರ ಅದೇ ಇದ್ದರೂ ಲಾಭ ಬದಲಾಗುವುದಿಲ್ಲವೇ, ಹಾಗೆ.

ರೋಗಿಗಳ ಸಂಖ್ಯೆಯಲ್ಲೂ ಇದೇ ಸ್ಥಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದಿತು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ 2022ರ ಸಂಖ್ಯೆಯನ್ನು 21.2 ಕೋಟಿ ಎಂದಿತು. ಮೊದಲನೆಯದು ಬರಿಹೊಟ್ಟೆಯ ರಕ್ತವನ್ನೂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರದ ರಕ್ತವನ್ನೂ ಆಧರಿಸಿದರೆ, ಎರಡನೆಯದು ಬರಿಹೊಟ್ಟೆಯ ರಕ್ತವನ್ನು ಮತ್ತು ಎರಡು ಮೂರು ತಿಂಗಳ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಆಧರಿಸಿತು. ಅಳತೆಗೋಲು ಬೇರೆಯಾದಾಗ ಮೊತ್ತವೂ ಬೇರೆಯಾಗುವುದು ಸಹಜ.

ಯಾವ ಖಾತೆಗೆ ಖರ್ಚು?

ದೇಶ ದೇಶಗಳ ನಡುವಣ ಅಂತರಕ್ಕೆ ಮೊದಲ ಕಾರಣವನ್ನು ಲೆಕ್ಕ ಬರೆಯುವವರು ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಒಂದೇ ಖರ್ಚನ್ನು ರಿಪೇರಿ ಖಾತೆಗೂ ಹಾಕಬಹುದು, ಯಂತ್ರೋಪಕರಣ ಖಾತೆಗೂ ಹಾಕಬಹುದು. ಮರಣವೂ ಹಾಗೆಯೇ. ನಮ್ಮಲ್ಲಿ ಆಸ್ಪತ್ರೆಯಲ್ಲಿ ಸತ್ತವರಿಗೆ ನಮೂನೆ 4, ಹೊರಗೆ ಸತ್ತವರಿಗೆ ನಮೂನೆ 4ಎ ಎಂಬ ವೈದ್ಯಕೀಯ ಪ್ರಮಾಣಪತ್ರಗಳಿವೆ. ಅದರ ಮೊದಲ ಭಾಗದಲ್ಲಿ ತಕ್ಷಣದ ಕಾರಣವನ್ನು ಮೇಲಿನ ಸಾಲಿನಲ್ಲೂ ಅದಕ್ಕೆ ಮೂಲವಾದ ರೋಗವನ್ನು ಕೆಳಗಿನ ಸಾಲಿನಲ್ಲೂ ಬರೆಯಬೇಕು. ಜೊತೆಗಿದ್ದ ಇತರ ರೋಗಗಳು ಎರಡನೆಯ ಭಾಗಕ್ಕೆ ಸೇರುತ್ತವೆ. ಅಂಕಿಅಂಶಕ್ಕೆ ಹೋಗುವುದು ಸಾಮಾನ್ಯವಾಗಿ ಮೂಲ ಕಾರಣ ಒಂದೇ.

ನನ್ನ ಕಕ್ಷಿದಾರರ ಪತ್ರದಲ್ಲಿ ಮೇಲೆ ಹೃದಯಾಘಾತ, ಕೆಳಗೆ ಮಧುಮೇಹ ಎಂದಿತ್ತು. ಹೀಗೆ ಬರೆದರೆ ಆ ಸಾವು ಮಧುಮೇಹದ ಖಾತೆಗೆ ಬರುತ್ತದೆ. ಅದೇ ಮಧುಮೇಹವನ್ನು ಎರಡನೆಯ ಭಾಗದಲ್ಲಿ ಬರೆದಿದ್ದರೆ ಹೃದ್ರೋಗದ ಖಾತೆಗೆ ಹೋಗುತ್ತಿತ್ತು. ನಾನು ಕೇಳಿಕೊಂಡಂತೆ ಬಿಟ್ಟೇ ಬಿಟ್ಟಿದ್ದರೆ ಯಾವ ಪುಸ್ತಕದಲ್ಲೂ ಅದರ ಸುಳಿವೇ ಇರುತ್ತಿರಲಿಲ್ಲ. ಇನ್ನು ಭಾರತದಲ್ಲಿ ನೋಂದಣಿಯಾದ ಮರಣಗಳಲ್ಲಿ ವೈದ್ಯರಿಂದ ಕಾರಣ ಪ್ರಮಾಣೀಕೃತವಾದುವು 2020ರಲ್ಲಿ ಶೇ. 22.5 ಮಾತ್ರ. ವೋಚರ್ ಇಲ್ಲದ ಖರ್ಚೇ ಮುಕ್ಕಾಲು ಪಾಲಿದ್ದಾಗ, ನಮ್ಮಲ್ಲಿ ಮಧುಮೇಹದ ಸಾವು ಕಡಿಮೆ ಎಂದು ಯಾರಾದರೂ ಸಮಾಧಾನಪಟ್ಟರೆ ಆ ಸಮಾಧಾನಕ್ಕೆ ಆಧಾರ ಸಾಲದು.

ಎರಡನೆಯ ಕಾರಣ ವಯಸ್ಸು. ಕರಾವಳಿಯ ಅನೇಕ ಕನ್ನಡ ಕುಟುಂಬಗಳು ದುಡಿಯಲು ಹೋಗಿರುವ ಕುವೈತಿನಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಧುಮೇಹವಿದೆ. ಆದರೆ ಅಲ್ಲಿ ದುಡಿಯುವ ವಯಸ್ಸಿನ ವಲಸಿಗರೇ ಹೆಚ್ಚು. ವಯಸ್ಸಾದಾಗ ಅವರು ಊರಿಗೆ ಮರಳುತ್ತಾರೆ. ಜಪಾನ್ ವೃದ್ಧರ ದೇಶ. ಹೊಸ ಯಂತ್ರಗಳ ಕಾರ್ಖಾನೆಯ ರಿಪೇರಿ ವೆಚ್ಚವನ್ನು ಇಪ್ಪತ್ತು ವರ್ಷ ಹಳೆಯ ಯಂತ್ರಗಳ ಕಾರ್ಖಾನೆಯೊಡನೆ ನೇರವಾಗಿ ಹೋಲಿಸಲಾಗದು. ಆದ್ದರಿಂದಲೇ ತಜ್ಞರು ಎಲ್ಲ ದೇಶಗಳಿಗೂ ಒಂದೇ ವಯೋಮಾನದ ಜನಸಂಖ್ಯೆಯನ್ನು ಕಲ್ಪಿಸಿಕೊಂಡು ದರವನ್ನು ಹೊಂದಿಸುತ್ತಾರೆ. ಹಾಗೆ ಹೊಂದಿಸದ ಪಟ್ಟಿಯನ್ನು ಓದುಗರು ನಂಬಬಾರದು.

ಹೊಂದಾಣಿಕೆಯ ನಂತರವೂ ಉಳಿಯುವ ಅಂತರ

ಈ ಎಲ್ಲ ತಿದ್ದುಪಡಿಗಳನ್ನು ಮಾಡಿದ ಮೇಲೂ ಅಂತರ ಅಳಿಯುವುದಿಲ್ಲ ಎಂಬುದೇ ಮುಖ್ಯ ಸಂಗತಿ. ಫಿಜಿಯಂತಹ ಪೆಸಿಫಿಕ್ ದ್ವೀಪಗಳು, ಭಾರತೀಯ ಮೂಲದವರೇ ಬಹುಸಂಖ್ಯಾತರಾಗಿರುವ ಮಾರಿಷಸ್ ಹಾಗೂ ಮೆಕ್ಸಿಕೋ ಅತಿ ಹೆಚ್ಚಿನ ದರದ ದೇಶಗಳಲ್ಲಿ ಸೇರಿದ್ದರೆ, ಜಪಾನ್ ಅತಿ ಕಡಿಮೆ ದರದ ದೇಶಗಳಲ್ಲೊಂದು.

ಇದಕ್ಕೆ ಕಾರಣವನ್ನು ಮೆಕ್ಸಿಕೋ ನಗರದಲ್ಲಿ ನಡೆದ ಒಂದು ಅಧ್ಯಯನ ಚೆನ್ನಾಗಿ ತೋರಿಸುತ್ತದೆ. 1998ರಿಂದ 2004ರವರೆಗೆ 35 ವರ್ಷ ದಾಟಿದ ಸುಮಾರು 1.5 ಲಕ್ಷ ಮಂದಿಯನ್ನು ನೋಂದಾಯಿಸಿಕೊಂಡು ಹಲವು ವರ್ಷ ಅನುಸರಿಸಿದ ಈ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 35ರಿಂದ 74ರ ವಯಸ್ಸಿನಲ್ಲಿ ಮಧುಮೇಹಿಗಳ ಮರಣ ಪ್ರಮಾಣ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಶ್ರೀಮಂತ ದೇಶಗಳಲ್ಲಿ ಇದೇ ಕಾಯಿಲೆ ಆ ಪ್ರಮಾಣವನ್ನು ಎರಡು ಪಟ್ಟಿಗೂ ಏರಿಸುವುದಿಲ್ಲ. ಮೆಕ್ಸಿಕೋದಲ್ಲಿ ಸಕ್ಕರೆಯ ನಿಯಂತ್ರಣ ಬಹಳ ಕಳಪೆಯಾಗಿತ್ತು. ಹೆಚ್ಚುವರಿ ಸಾವುಗಳಲ್ಲಿ ಮೂತ್ರಪಿಂಡದ ವೈಫಲ್ಯದ ಪಾಲು ದೊಡ್ಡದಿತ್ತು. ಆ ದೇಶ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ವಿಧಿಸಿತು. 2016ರಲ್ಲಿ ಮಧುಮೇಹವನ್ನು ತುರ್ತು ಪರಿಸ್ಥಿತಿಯೆಂದು ಘೋಷಿಸಿತು.

ಜಪಾನಿನ ಆಹಾರ ಪದ್ಧತಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಉದ್ದಿಮೆದಾರರು ಗಮನಿಸಬೇಕಾದದ್ದು ಬೇರೊಂದಿದೆ. ಅಲ್ಲಿ 1961ರಿಂದ ಎಲ್ಲ ಪ್ರಜೆಗಳಿಗೂ ಆರೋಗ್ಯ ವಿಮೆ ಇದೆ. 1972ರ ಕಾರ್ಮಿಕ ಸುರಕ್ಷತಾ ಕಾನೂನಿನಂತೆ ನೌಕರರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕನ ಕರ್ತವ್ಯ. 2008ರಿಂದ 40ರಿಂದ 74 ವರ್ಷದವರಿಗೆ ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆಗಳ ವಿಶೇಷ ತಪಾಸಣೆಯೂ ಸೇರಿದೆ. ಅಂದರೆ ಕಾಯಿಲೆ ಪ್ರಕಟವಾಗುವ ಮೊದಲೇ ಪುಸ್ತಕದಲ್ಲಿ ದಾಖಲಾಗುತ್ತದೆ.

ಔಷಧದ ಕೊರತೆಯೇ?

1921ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಇನ್ಸುಲಿನ್ ಕಂಡುಹಿಡಿದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. 2019ರಲ್ಲಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ ಹತ್ತು ಅಮೆರಿಕನ್ ಸೆಂಟಿಗಿಂತ ಕಡಿಮೆ ಬೆಲೆಯಲ್ಲಿ ಒದಗಿಸುವುದಾಗಿ ಪ್ರಕಟಿಸಿತು. ಮೆಟ್‌ಫಾರ್ಮಿನ್ ಮಾತ್ರೆಯಂತೂ ಜನೌಷಧಿ ಅಂಗಡಿಯಲ್ಲಿ ಅತ್ಯಲ್ಪ ಬೆಲೆಗೆ ದೊರೆಯುತ್ತದೆ.

ಆದರೂ ಮೇಲೆ ಹೇಳಿದ ಲ್ಯಾನ್ಸೆಟ್ ಅಧ್ಯಯನದಂತೆ 2022ರಲ್ಲಿ ಪ್ರಪಂಚದ 82.8 ಕೋಟಿ ಮಧುಮೇಹಿಗಳಲ್ಲಿ 30 ವರ್ಷ ದಾಟಿದ 44.5 ಕೋಟಿ ಮಂದಿ ಚಿಕಿತ್ಸೆಯಿಲ್ಲದೆ ಇದ್ದರು, ಅವರಲ್ಲಿ 13.3 ಕೋಟಿ ಮಂದಿ ಭಾರತದವರು. ಔಷಧವನ್ನು ತಯಾರಿಸುವ ರಾಜ್ಯದಲ್ಲೇ ನಾವಿದ್ದೇವೆ. ಕೊರತೆ ಇರುವುದು ಪತ್ತೆಯಲ್ಲಿ, ನಿರಂತರತೆಯಲ್ಲಿ ಮತ್ತು ಕಾಯಿಲೆಯನ್ನು ಒಪ್ಪಿಕೊಳ್ಳುವುದರಲ್ಲಿ. ನನ್ನ ಕಕ್ಷಿದಾರರು ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ತಲೆ ಸುತ್ತಿದಾಗ ಮಾತ್ರ. ಉಳಿದ ದಿನಗಳಲ್ಲಿ ಬೆಳಿಗ್ಗೆ ಬಿಸಿನೀರಿನಲ್ಲಿ ಅರಿಶಿನ, ಮೆಂತ್ಯ. ಊರಿನ ಹೆಸರಿನಲ್ಲೇ ಅರಿಶಿನವಿದೆಯಲ್ಲ ಎಂದು ನಗುತ್ತಿದ್ದರು. ಅಡುಗೆಗೆ ಅವೆರಡೂ ಒಳ್ಳೆಯವೇ. ವೈದ್ಯರು ಬರೆದುಕೊಟ್ಟ ಮಾತ್ರೆಯ ಸ್ಥಾನವನ್ನು ಅವು ತುಂಬಲಾರವು.

ನಮ್ಮ ಕೈಯಲ್ಲಿರುವುದು

ಮೊದಲನೆಯದು, ತಪಾಸಣೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿಗಳ ಸಂಹಿತೆಯು ಕಾರ್ಮಿಕರಿಗೆ ಉಚಿತ ವಾರ್ಷಿಕ ತಪಾಸಣೆಯನ್ನು ಮಾಲೀಕರ ಹೊಣೆಯನ್ನಾಗಿ ಮಾಡಿದೆ. 40 ವರ್ಷ ದಾಟಿದವರಿಗೆ ಎಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ತಮ್ಮ ಘಟಕಕ್ಕೆ ಇದು ಹೇಗೆ ಅನ್ವಯಿಸುತ್ತದೆಂಬುದನ್ನು ಸದಸ್ಯರು ಖಚಿತಪಡಿಸಿಕೊಳ್ಳುವುದು ಒಳಿತು. ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರಿಗೆ ಮನೆ ಬಾಗಿಲಲ್ಲೇ ಸಕ್ಕರೆ ಹಾಗೂ ರಕ್ತದೊತ್ತಡದ ಪರೀಕ್ಷೆಗೆ ಅವಕಾಶವಿದೆ. ನೌಕರರಿಗೆ ಮಾಡಿಸುವ ಮಾಲೀಕರು ತಾವು ತಪ್ಪಿಸಿಕೊಳ್ಳಬಾರದು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ, 80ಡಿ ಎಂದು ನಾವೆಲ್ಲ ಬಲ್ಲ ರಿಯಾಯಿತಿಯ ಮಿತಿಯೊಳಗೆ ಮುನ್ನೆಚ್ಚರಿಕೆ ತಪಾಸಣೆಗಾಗಿ ರೂ. 5,000ದವರೆಗೆ ಅವಕಾಶವಿದ್ದು, ಇದನ್ನು ನಗದಾಗಿ ಪಾವತಿಸಿದ್ದರೂ ಸಲ್ಲುತ್ತದೆ.

ಎರಡನೆಯದು, ನಿರಂತರತೆ. ತಿಂಗಳ ಜಿಎಸ್‌ಟಿ ವಿವರಪಟ್ಟಿಯನ್ನು ಮರೆಯದ ನಾವು, ವೈದ್ಯರು ಹೇಳಿದ ಅವಧಿಗೆ ಎಚ್‌ಬಿಎ1ಸಿ, ಮತ್ತು ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರಪಿಂಡಗಳ ಪರೀಕ್ಷೆಯನ್ನು ಅದೇ ಪಂಚಾಂಗದಲ್ಲಿ ಬರೆದುಕೊಳ್ಳಬಹುದು. ಲೋಹದ ಚೂರು ಬೀಳುವ ನೆಲದ ಮೇಲೆ ದಿನವಿಡೀ ನಿಲ್ಲುವ ಮಧುಮೇಹಿಗೆ ಕಾಲಿನ ಸಣ್ಣ ಗಾಯವೂ ಸಣ್ಣದಲ್ಲ.

ಮೂರನೆಯದು, ಸತ್ಯ. ವಿಮೆಯ ಪ್ರಸ್ತಾವನಾ ಪತ್ರದಲ್ಲಿ ಇರುವುದನ್ನು ಇದ್ದಂತೆಯೇ ಬರೆಯಬೇಕು. ಕಂತು ಸ್ವಲ್ಪ ಹೆಚ್ಚಾಗಬಹುದು, ಅಷ್ಟೆ. ವಿಮಾ ಕಾಯ್ದೆಯ 45ನೆಯ ಕಲಮಿನಂತೆ ಮೂರು ವರ್ಷ ಕಳೆದ ಜೀವವಿಮಾ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಅದರೊಳಗೆ ಸಾವು ಸಂಭವಿಸಿದರೆ ಮುಚ್ಚಿಟ್ಟ ಕಾಯಿಲೆ ಕುಟುಂಬದ ಮೇಲೆ ಬೀಳುತ್ತದೆ.

ನನ್ನ ಕಕ್ಷಿದಾರರ ಪಾಲಿಸಿಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹಕ್ಕುಬೇಡಿಕೆ ತಿರಸ್ಕೃತವಾಯಿತು. ನಾಲ್ಕು ಲೇತ್‌ಗಳಲ್ಲಿ ಎರಡನ್ನು ಮಾರಿ ಸಾಲ ತೀರಿಸಬೇಕಾಯಿತು. ಉಳಿದೆರಡನ್ನು ಈಗ ಅವರ ಮಗ ನಡೆಸುತ್ತಿದ್ದಾನೆ. ಕಳೆದ ಬಾರಿ ಲೆಕ್ಕದ ಪುಸ್ತಕಗಳನ್ನು ತಂದಾಗ ಅವುಗಳ ಜೊತೆ ಒಂದು ಲ್ಯಾಬ್ ವರದಿಯನ್ನೂ ಮುಂದಿಟ್ಟು, "ಸಾರ್, ನಂದೂ ಗಡಿಯಲ್ಲಿದೆಯಂತೆ. ಈ ಸಲದ ಇನ್ಶೂರೆನ್ಸ್ ಫಾರಂನಲ್ಲಿ ಇದನ್ನೂ ಬರೆದುಬಿಡಿ" ಎಂದ. ನಾನು ಬರೆದೆ.