ಕಾಲೇಜು ಜೆರ್ಸಿ ತೊಟ್ಟ ಗೇಮರ್‌ಗಳು

ಷಿಕಾಗೊದ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯ 2014ರ ಜೂನ್‌ನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಕಂಪ್ಯೂಟರ್ ಆಟವನ್ನು ಚೆನ್ನಾಗಿ ಆಡುವ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದಲ್ಲಿ ಅರ್ಧದವರೆಗೆ, ಊಟ-ವಸತಿ ಖರ್ಚಿನಲ್ಲಿ ಅರ್ಧದವರೆಗೆ ವಿದ್ಯಾರ್ಥಿವೇತನ ಕೊಡುವುದಾಗಿ ಅದರಲ್ಲಿತ್ತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಅಮೆರಿಕದ ಕಾಲೇಜುಗಳು ಇಂಥ ನೆರವು ನೀಡುತ್ತ ಬಂದು ಎಷ್ಟೋ ದಶಕಗಳಾಗಿದ್ದವು. ಕೀಬೋರ್ಡ್, ಮೌಸ್ ಹಿಡಿದವರಿಗೆ ಅದು ಸಿಕ್ಕಿದ್ದು ಹೊಸತು. ಸುದ್ದಿ ದೇಶದಾಚೆಗೂ ಹಬ್ಬಿತು.

ಈ ಯೋಚನೆಯ ಹಿಂದಿದ್ದವರು ಅಲ್ಲಿನ ಕ್ರೀಡಾ ವಿಭಾಗದ ಅಧಿಕಾರಿ ಕರ್ಟ್ ಮೆಲ್ಚರ್. ಮಹಿಳಾ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟ ಅನುಭವ ಅವರದು. ಐವರ ಎದುರು ಐವರು ಆಡುವ ಈ ಆಟದಲ್ಲಿ ಅವರಿಗೆ ಕಂಡದ್ದು ತಂಡ. ಒಬ್ಬೊಬ್ಬರಿಗೆ ಒಂದೊಂದು ಹೊಣೆ, ಒಬ್ಬ ಜಾಗ ಬಿಟ್ಟರೆ ಉಳಿದ ನಾಲ್ವರಿಗೂ ಪೆಟ್ಟು. ಕ್ಯಾಂಪಸ್‌ನ ಒಂದು ತರಗತಿ ಕೋಣೆಗೆ ಕಂಪ್ಯೂಟರ್‌ಗಳು ಬಂದವು, ಕೋಚ್ ಬಂದರು, ಅಭ್ಯಾಸಕ್ಕೆ ವೇಳಾಪಟ್ಟಿ ಬಂತು.

ಆದರೆ ಆಡಳಿತ ಮಂಡಳಿಗಳು ಕಣ್ಣು ತೆರೆಯುವ ಎಷ್ಟೋ ವರ್ಷ ಮೊದಲೇ ವಿದ್ಯಾರ್ಥಿಗಳು ಆಡುತ್ತಿದ್ದರು. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಆಟ ಬರೆದರು. ಹತ್ತು ವರ್ಷದ ನಂತರ, 1972ರ ಅಕ್ಟೋಬರ್‌ನಲ್ಲಿ, ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಅದೇ ಆಟದ ಪಂದ್ಯಾವಳಿ ನಡೆಯಿತು. ಬಹುಮಾನ, ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ಒಂದು ವರ್ಷದ ಚಂದಾ! ಕಾಲೇಜುಗಳ ನಡುವಿನ ಸ್ಪರ್ಧೆಗೆ ರೂಪ ಕೊಟ್ಟವರೂ ವಿದ್ಯಾರ್ಥಿಗಳೇ. ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಮೋನಾ ಜಾಂಗ್ ‘ಸ್ಟಾರ್‌ಕ್ರಾಫ್ಟ್’ ಆಟಕ್ಕೆ ಎಂಐಟಿಯವರನ್ನು ಪಂದ್ಯಕ್ಕೆ ಕರೆದರು. ಆ ಒಂದು ಪಂದ್ಯವೇ ಬೆಳೆದು 2009ರಲ್ಲಿ ‘ಕಾಲೇಜಿಯೇಟ್ ಸ್ಟಾರ್‌ಲೀಗ್’ ಆಯಿತು. ವಿಶ್ವವಿದ್ಯಾಲಯದ ಹಣ, ಹುದ್ದೆ ಯಾವುದೂ ಇಲ್ಲದೆ ಹಾಸ್ಟೆಲ್ ಕೋಣೆಗಳಿಂದಲೇ ನಡೆದ ಕೆಲಸ ಅದು. ಈ ಕಥೆಯಲ್ಲಿ ಹೆಚ್ಚಿನ ಪಾಲು ಶ್ರೇಯ ಆ ಹುಡುಗ ಹುಡುಗಿಯರಿಗೇ ಸಲ್ಲಬೇಕು.

ಕಾಲೇಜಿನ ಇಂಥ ಗೇಮಿಂಗ್ ತಂಡಕ್ಕೆ ಸೇರುವುದು ಹೇಗೆ? ಮೊದಲು ನೋಡುವುದು ರ‍್ಯಾಂಕ್. ಆಟದ ಸರ್ವರ್‌ನಲ್ಲಿ ಅಪರಿಚಿತರ ಜೊತೆ ಆಡಿ ಗಳಿಸಿದ ಸ್ಥಾನ ಎಲ್ಲರಿಗೂ ಕಾಣುತ್ತದೆ, ಅದರಲ್ಲಿ ಸುಳ್ಳು ಹೇಳುವುದು ಕಷ್ಟ. ಅದು ಬಾಗಿಲವರೆಗೆ ತಂದು ನಿಲ್ಲಿಸುತ್ತದೆ, ಅಷ್ಟೆ. ಮುಂದಿನದು ‘ಟ್ರೈಔಟ್’. ಹೆಡ್‌ಸೆಟ್ ಹಾಕಿಸಿ, ಗೊತ್ತಿಲ್ಲದ ನಾಲ್ವರ ಜೊತೆ ಕೂರಿಸಿ, ಬೇರೆ ತಂಡದ ಮೇಲೆ ‘ಸ್ಕ್ರಿಮ್’, ಅಂದರೆ ಅಭ್ಯಾಸ ಪಂದ್ಯ, ಆಡಿಸುತ್ತಾರೆ. ಕೋಚ್‌ನ ಕಿವಿ ಆಗ ಮಾತಿನ ಮೇಲಿರುತ್ತದೆ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ‘ಫ್ಲ್ಯಾಶ್’ ಎಂಬ ಒಂದು ಶಕ್ತಿಯಿದೆ. ಅಪಾಯದಲ್ಲಿ ಸಿಕ್ಕವನು ಅದನ್ನು ಒತ್ತಿ ಒಂದೇ ನೆಗೆತಕ್ಕೆ ಪಾರಾಗಬಹುದು. ಒಮ್ಮೆ ಬಳಸಿದರೆ ಮತ್ತೆ ಸಿಗಲು ಸಾಮಾನ್ಯವಾಗಿ 300 ಸೆಕೆಂಡ್ ಬೇಕು. ಎದುರಾಳಿ ಅದನ್ನು ಬಳಸಿದ ತಕ್ಷಣ ‘ಮಿಡ್‌ನವನ (ನಡುದಾರಿಯಲ್ಲಿ ಆಡುವವನ) ಫ್ಲ್ಯಾಶ್ ಹೋಯ್ತು’ ಎಂದು ಕೂಗಿ, ಹೊತ್ತನ್ನು ಗುರುತು ಹಾಕಿಕೊಂಡು, ಆ ಐದು ನಿಮಿಷದೊಳಗೆ ಗೆಳೆಯರನ್ನು ಅತ್ತ ಕರೆದೊಯ್ಯುವವನು ಕೋಚ್‌ಗೆ ಬೇಕು. ಬೆರಳು ಎಷ್ಟೇ ಚುರುಕಾಗಿರಲಿ, ಸೋತಾಗ ಜೊತೆಯವರನ್ನು ಬೈಯುವವನಿಗೆ ಜಾಗ ಸಿಗುವುದು ಕಷ್ಟ. ಪಂದ್ಯದ ನಂತರ ಎಲ್ಲರೂ ರೆಕಾರ್ಡಿಂಗ್ ಮುಂದೆ ಕೂತು ತಪ್ಪು ಹುಡುಕುತ್ತಾರೆ. ಅಂಕಪಟ್ಟಿಯೂ ಮುಖ್ಯ. ಕಾಲೇಜು ಲೀಗ್‌ಗಳಲ್ಲಿ ಆಡುವವರು ನಿಜವಾಗಿ ಓದುತ್ತಿರುವ ವಿದ್ಯಾರ್ಥಿಗಳೇ ಆಗಿರಬೇಕು.

2015ರ ಏಪ್ರಿಲ್‌ನಲ್ಲಿ ‘ಹೀರೋಸ್ ಆಫ್ ದ ಡಾರ್ಮ್’ ಎಂಬ ಕಾಲೇಜು ಗೇಮಿಂಗ್ ಪಂದ್ಯಾವಳಿಯ ಫೈನಲ್ ಇಎಸ್‌ಪಿಎನ್2 ವಾಹಿನಿಯಲ್ಲಿ ನೇರಪ್ರಸಾರವಾಯಿತು. ಅರಿಜೋನಾ ಸ್ಟೇಟ್ ತಂಡವನ್ನು ಸೋಲಿಸಿದ ಬರ್ಕ್ಲಿಯ ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ಕಾಲೇಜು ಶುಲ್ಕ. 2016ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ 3,500 ಚದರ ಅಡಿಯ ಅರೀನಾ ತೆರೆಯಿತು. ಅದರ ತಂಡ 2018ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಕಾಲೇಜು ಚಾಂಪಿಯನ್ ಆಯಿತು. ಮಿಸೌರಿಯ ಮಹಿಳಾ ಕಾಲೇಜು ಸ್ಟೀಫನ್ಸ್ 2017ರಲ್ಲಿ ‘ಓವರ್‌ವಾಚ್’ ಆಟಕ್ಕೆ ತಂಡ ಕಟ್ಟಿತು. ಗಂಡುಮಕ್ಕಳೇ ತುಂಬಿದ ಈ ಲೋಕದಲ್ಲಿ ಅದರ ಬೆಲೆ ದೊಡ್ಡದು. ಹೆಸರಿನಿಂದ ಹುಡುಗಿ ಎಂದು ತಿಳಿದರೆ ಸಾಕು, ಆನ್‌ಲೈನ್‌ನಲ್ಲಿ ಕೇಳಬಾರದ ಮಾತು ಕೇಳಬೇಕಾಗುತ್ತದೆ ಎಂಬುದು ಆಡುವವರಿಗೆಲ್ಲ ಗೊತ್ತು.

ಇಲ್ಲೊಂದು ತೊಡಕಿದೆ. ಫುಟ್‌ಬಾಲ್ ಯಾರಪ್ಪನ ಸ್ವತ್ತೂ ಅಲ್ಲ, ಚೆಂಡಿದ್ದರೆ ಆಡಬಹುದು. ಲೀಗ್ ಆಫ್ ಲೆಜೆಂಡ್ಸ್ ಹಾಗಲ್ಲ, ಅದು ರಯಟ್ ಗೇಮ್ಸ್ ಕಂಪನಿಯದು. ನಿಯಮ ಬದಲಾಯಿಸುವುದು, ಲೀಗ್ ನಡೆಸುವುದು, ಬೇಡವೆಂದರೆ ನಿಲ್ಲಿಸುವುದು ಎಲ್ಲವೂ ಅದರ ಕೈಯಲ್ಲಿದೆ. ಅಮೆರಿಕದ ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆ ಎನ್‌ಸಿಎಎ 2019ರಲ್ಲಿ ಇ-ಸ್ಪೋರ್ಟ್ಸ್, ಅಂದರೆ ಇಂಥ ಕಂಪ್ಯೂಟರ್ ಆಟಗಳ ಸ್ಪರ್ಧೆಗಳ, ಹೊಣೆ ಹೊರದಿರಲು ತೀರ್ಮಾನಿಸಿತು. ಅಷ್ಟರಲ್ಲಿ, 2016ರಲ್ಲೇ, ಕೆಲವು ಕಾಲೇಜುಗಳು ಸೇರಿ ‘ನೇಸ್’ ಎಂಬ ಒಕ್ಕೂಟ ಮಾಡಿಕೊಂಡಿದ್ದವು.

ಭಾರತದಲ್ಲಿ ಇ-ಸ್ಪೋರ್ಟ್ಸ್ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಬಂತು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕವೂ ಇತ್ತು. ಕ್ರೀಡಾ ಕೋಟಾದ ಸೀಟು ಎಂದರೆ ಏನೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಗೇಮಿಂಗ್ ಎಂದರೆ ಮಾತ್ರ ಅಪ್ಪ-ಅಮ್ಮನ ಹುಬ್ಬು ಗಂಟಿಕ್ಕುತ್ತದೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಲ್ಲಿ ಕೌಂಟರ್-ಸ್ಟ್ರೈಕ್, ಬಿಜಿಎಂಐ ಆಟಗಳ ಪಂದ್ಯಗಳು ನಡೆಯುತ್ತವೆ. ತಂಡ ಕಟ್ಟುವುದು, ವೇಳಾಪಟ್ಟಿ ಹಾಕುವುದು, ಲ್ಯಾಬ್‌ನ ಕೀಲಿಗಾಗಿ ಅಲೆಯುವುದು ಇಲ್ಲಿ ಈಗಲೂ ಹೆಚ್ಚಾಗಿ ವಿದ್ಯಾರ್ಥಿಗಳ ಪಾಲಿನ ಕೆಲಸವೇ.