ಕೋಟಿ ಸುರಿದವರು, ಕೈಗೆ ಸಿಕ್ಕವರು: ಆರ್‌ಸಿಬಿ ಆಯ್ಕೆಗಳ ಕಥೆ

2008ರ ಮಾರ್ಚ್. ಕ್ವಾಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಐಪಿಎಲ್ ತಂಡಗಳು ಹಂಚಿಕೊಳ್ಳಬೇಕಿತ್ತು. ಹಿರಿಯರ ಹರಾಜು ಫೆಬ್ರುವರಿಯಲ್ಲೇ ಮುಗಿದಿತ್ತು. ಹುಡುಗರಿಗೆ ಮಾತ್ರ ಸರದಿಯ ಪದ್ಧತಿ. ಬೆಲೆ ಮೊದಲೇ ನಿಗದಿ, ಕೂಗಾಟವಿಲ್ಲ, ಸರದಿ ಬಂದವರು ಒಂದು ಹೆಸರು ಹೇಳಿ ಕೂರಬೇಕು. ಮೊದಲ ಸರದಿ ದೆಹಲಿಯದು. ಗೆದ್ದ ತಂಡದ ನಾಯಕ ದೆಹಲಿಯವನೇ, ವಿರಾಟ್ ಕೊಹ್ಲಿ. ಆದರೆ ಸೆಹ್ವಾಗ್, ಗಂಭೀರ್, ಡಿವಿಲಿಯರ್ಸ್, ದಿಲ್ಶಾನ್ ಇದ್ದ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ ಎಂದುಕೊಂಡ ದೆಹಲಿಯವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಹೆಸರು ಹೇಳಿದರು. ಆಮೇಲಿನ ಸರದಿ ಬೆಂಗಳೂರಿನ ತಂಡ ಆರ್‌ಸಿಬಿಯದು. 30,000 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿಗೆ ಕೊಹ್ಲಿ ನಮ್ಮವನಾದ. ಸಾಂಗ್ವಾನ್ ಭಾರತಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ.

ದೆಹಲಿಯವರನ್ನು ಮೂರ್ಖರೆನ್ನುವುದು ಈಗ ಸುಲಭ. ಅಂದು ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಂಡಕ್ಕೆ ಬೌಲರ್ ಬೇಕಿತ್ತು, ಬೌಲರ್‌ನನ್ನು ತೆಗೆದುಕೊಂಡರು.

ಈ ಸರದಿ ಪದ್ಧತಿ ಅಮೆರಿಕದ್ದು, ಅಲ್ಲಿ ಅದನ್ನು ಡ್ರಾಫ್ಟ್ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ಆ ಆಟದ ಎನ್‌ಎಫ್‌ಎಲ್ ಲೀಗಿನಲ್ಲಿ 1936ರಿಂದ ಇದು ನಡೆದುಬಂದಿದೆ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಕಾಲೇಜು ಹುಡುಗರಲ್ಲಿ ಮೊದಲ ಆಯ್ಕೆ. ಸೋತವನಿಗೆ ಮುಂದಿನ ವರ್ಷ ಚೇತರಿಸಿಕೊಳ್ಳಲು ಅವಕಾಶ. ಯಾವ ತಂಡ ಮೊದಲ ಸುತ್ತಿನಲ್ಲಿ ಯಾರನ್ನು ಆರಿಸಿತ್ತು ಎಂಬ ಪಟ್ಟಿ ಅಲ್ಲಿನ ಅಭಿಮಾನಿಗಳಿಗೆ ಬಾಯಿಪಾಠ. ಅದರಲ್ಲಿ ನಗೆಪಾಟಲಿಗೆ ಈಡಾದ ಹೆಸರುಗಳೂ ಬೇಕಾದಷ್ಟಿವೆ. ಮೊಟ್ಟಮೊದಲ ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆ ಜೇ ಬರ್ವಾಂಗರ್ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆ ಲೀಗಿನ ಫೈನಲ್ ಆದ ಸೂಪರ್ ಬೌಲನ್ನು ಏಳು ಸಲ ಗೆದ್ದ ಟಾಮ್ ಬ್ರೇಡಿಯನ್ನು 2000ದಲ್ಲಿ ಆರಿಸಿದ್ದು ಆರನೇ ಸುತ್ತಿನಲ್ಲಿ, 198 ಹುಡುಗರ ಹೆಸರು ಕೂಗಿಯಾದ ಮೇಲೆ.

ಐಪಿಎಲ್‌ನಲ್ಲಿ ಸೋತವನ ಮೇಲೆ ಅಂಥ ಕನಿಕರವಿಲ್ಲ. ಇಲ್ಲಿ ಹರಾಜು, ರೊಕ್ಕ ಇದ್ದವನು ಕೂಗುತ್ತಾನೆ. ಹಾಗಾಗಿ ಬೆಂಗಳೂರು ತಂಡದ ಮೊದಲ ಆಯ್ಕೆಗಳ ಚರಿತ್ರೆ ಬರೆಯಬೇಕೆಂದರೆ ಅದು ಯಾವ ವರ್ಷ ಯಾರ ಮೇಲೆ ಹೆಚ್ಚು ಹಣ ಸುರಿಯಿತು ಎಂಬ ಲೆಕ್ಕವೇ ಆಗುತ್ತದೆ. ಬಳ್ಳಾರಿಯ ಗಾಂಧಿನಗರದಲ್ಲಿ ಸಂಜೆ ಚಹಾ ಹಿಡಿದು ನಿಂತವರ ನಡುವೆ ಈ ಲೆಕ್ಕ ಹರಾಜಿನ ಹೊತ್ತಿಗೆ ಪ್ರತಿ ಸಲವೂ ಬಿಚ್ಚಿಕೊಳ್ಳುತ್ತದೆ. "ಇಷ್ಟು ರೊಕ್ಕ ಕೊಟ್ಟು ಇವನ್ನ ಯಾಕ್ ತಗಂಡ್ರಪಾ?" ಎಂಬುದು ಅಲ್ಲಿನ ಕಾಯಂ ಪ್ರಶ್ನೆ. ಹರಾಜೆಂದರೇನು ಎಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಇಲ್ಲಿನ ಅದಿರು ವರ್ಷಗಟ್ಟಲೆ ಮಾರಾಟವಾದದ್ದು ಇ-ಹರಾಜಿನಲ್ಲೇ. ಅದಕ್ಕೂ ಮುಂಚಿನ ಪಾಠ ಇನ್ನೊಂದಿದೆ. ಸಂಡೂರು, ಹೊಸಪೇಟೆ ಕಡೆಯ ಗಣಿಗಳಲ್ಲಿ ಗಟ್ಟಿ ಅದಿರಿಗಷ್ಟೇ ಬೆಲೆಯಿದ್ದ ಕಾಲದಲ್ಲಿ ಪುಡಿ ಅದಿರನ್ನು ಪಕ್ಕಕ್ಕೆ ಗುಡ್ಡೆ ಹಾಕಿ ಬಿಡುತ್ತಿದ್ದರು. ಚೀನಾದ ಬೇಡಿಕೆ ಬಂದಾಗ ಊರಿಗೆ ಹಣ ತಂದದ್ದು ಆ ಗುಡ್ಡೆಗಳೇ. ಆರ್‌ಸಿಬಿಯ 2025ರವರೆಗಿನ ಹದಿನೆಂಟು ವರ್ಷಗಳ ಲೆಕ್ಕ ಹೆಚ್ಚುಕಡಿಮೆ ಇದೇ ತರಹದ್ದು.

ಶುರುವಿನಿಂದ ನೋಡಿ. ವಿಜಯ್ ಮಲ್ಯ 111.6 ದಶಲಕ್ಷ ಡಾಲರ್ ಕೊಟ್ಟು ತಂಡ ಕೊಂಡರು. ಅದಕ್ಕಿಂತ ದುಬಾರಿಯಾದದ್ದು ಮುಂಬೈ ಒಂದೇ. ಹರಾಜಿಗಿಡದೆ ತವರಿನ ತಂಡಕ್ಕೇ ಕೊಟ್ಟ ಐಕಾನ್ ಆಟಗಾರ ರಾಹುಲ್ ದ್ರಾವಿಡ್. ಹರಾಜಿನಲ್ಲಿ ದೊಡ್ಡ ಮೊತ್ತ ಹೋದದ್ದು ಜಾಕ್ ಕಾಲಿಸ್‌ಗೆ, 9 ಲಕ್ಷ ಡಾಲರ್. ಅನಿಲ್ ಕುಂಬ್ಳೆ, ಮಾರ್ಕ್ ಬೌಚರ್, ವಾಸಿಂ ಜಾಫರ್, ಶಿವನಾರಾಯಣ್ ಚಂದ್ರಪಾಲ್ ಕೂಡ ಬಂದರು. ಐದು ದಿನದ ಆಟಕ್ಕೆ ಇದಕ್ಕಿಂತ ಒಳ್ಳೆಯ ತಂಡ ಸಿಗುವುದು ಕಷ್ಟ. ಆಡಬೇಕಾಗಿದ್ದುದು ಮಾತ್ರ ಇಪ್ಪತ್ತು ಓವರ್. ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಲೀಗಿನ ಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮವರೆಲ್ಲ ಸೇರಿ 82. ಎರಡಂಕಿ ಮುಟ್ಟಿದ್ದು ಬೌಲರ್ ಪ್ರವೀಣ್ ಕುಮಾರ್ ಒಬ್ಬರೇ, ಅವರ 18ಕ್ಕಿಂತ ಇತರೆ ರನ್‌ಗಳೇ ಒಂದು ಹೆಚ್ಚು. ಆ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ.

ಮರುವರ್ಷ ಕೆವಿನ್ ಪೀಟರ್ಸನ್ 15.5 ಲಕ್ಷ ಡಾಲರಿಗೆ ಬಂದರು, ನಾಯಕರೂ ಆದರು. ಸರಣಿ ಅರ್ಧಕ್ಕೆ ಬರುವ ಮುನ್ನ ದೇಶದ ಪರ ಆಡಲು ಹೊರಟರು. ನಾಯಕತ್ವ ವಹಿಸಿಕೊಂಡ ಕುಂಬ್ಳೆ ತಂಡವನ್ನು ಫೈನಲ್‌ಗೆ ಒಯ್ದು, ಅಲ್ಲಿ 16 ರನ್‌ಗೆ 4 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಕಪ್ ಆರು ರನ್‌ಗಳಿಂದ ಡೆಕ್ಕನ್ ಚಾರ್ಜರ್ಸ್ ಪಾಲಾಯಿತು.

2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ. ಒಂದೇ ವರ್ಷಕ್ಕೆ ಬಿಟ್ಟರು. ಯುವಿ ಕೊಟ್ಟ 376 ರನ್ ಕಳಪೆಯೇನಲ್ಲ. ಆ ಬೆಲೆಗೆ ಯಾರು ಆಡಿದರೂ ಸಾಲುತ್ತಿರಲಿಲ್ಲ ಅಷ್ಟೆ. 2015ರಲ್ಲಿ ದಿನೇಶ್ ಕಾರ್ತಿಕ್‌ಗೆ 10.5 ಕೋಟಿ, ಹದಿನಾರು ಪಂದ್ಯಗಳಲ್ಲಿ 141 ರನ್. ಇದೇ ಕಾರ್ತಿಕ್ ಏಳು ವರ್ಷದ ಮೇಲೆ ಹೆಚ್ಚುಕಡಿಮೆ ಅರ್ಧ ಬೆಲೆಗೆ ವಾಪಸಾಗಿ 330 ರನ್ ಬಾರಿಸಿ ಪಂದ್ಯಗಳನ್ನು ಮುಗಿಸಿಕೊಟ್ಟರು. 2017ರಲ್ಲಿ ಇಂಗ್ಲೆಂಡಿನ ಟೈಮಲ್ ಮಿಲ್ಸ್‌ಗೆ 12 ಕೋಟಿ; ಆಡಿದ್ದು ಐದು ಪಂದ್ಯ, ಸಿಕ್ಕಿದ್ದು ಐದು ವಿಕೆಟ್. 2021ರಲ್ಲಿ ನ್ಯೂಜಿಲೆಂಡಿನ ಕೈಲ್ ಜೇಮಿಸನ್‌ಗೆ 15 ಕೋಟಿ, ಒಂಬತ್ತು ಪಂದ್ಯಗಳಲ್ಲಿ ಒಂಬತ್ತು ವಿಕೆಟ್. ಪ್ರತಿ ವಿಕೆಟ್‌ಗೆ ಎಷ್ಟು ಕೋಟಿ ಬಿತ್ತು ಎಂಬ ಭಾಗಾಕಾರವನ್ನು ಓದುಗರಿಗೇ ಬಿಡುತ್ತೇನೆ. ದುಡ್ಡು ಕೊಟ್ಟು ಗೆದ್ದದ್ದೂ ಇದೆ, ಇಲ್ಲವೆನ್ನಲಾಗದು. 2011ರಲ್ಲಿ 11 ಲಕ್ಷ ಡಾಲರಿಗೆ ಬಂದ ಎ.ಬಿ. ಡಿವಿಲಿಯರ್ಸ್ ಬೆಂಗಳೂರಿನ ಮನೆಮಗನೇ ಆದರು. ಆದರೆ ಅದೇ ಹರಾಜಿನಲ್ಲಿ ಅವರಿಗಿಂತ ಹೆಚ್ಚು ಹಣ, 16 ಲಕ್ಷ ಡಾಲರ್, ಕೊಟ್ಟಿದ್ದು ಸೌರಭ್ ತಿವಾರಿಗೆ ಎಂಬುದನ್ನು ಈಗ ಎಷ್ಟು ಜನ ನೆನಪಿಟ್ಟಿದ್ದಾರೆ?

ಇನ್ನು ಗುಡ್ಡೆ ಹಾಕಿದ ಪುಡಿಯ ಕಡೆ ಬನ್ನಿ. ಆ 2011ರ ಹರಾಜು ನಡೆದದ್ದು ಬೆಂಗಳೂರಿನಲ್ಲೇ. ಕ್ರಿಸ್ ಗೇಲ್ ಹೆಸರು ಕೂಗಿದಾಗ ಒಬ್ಬರೂ ಕೈ ಎತ್ತಲಿಲ್ಲ, ಆರ್‌ಸಿಬಿಯೂ ಎತ್ತಲಿಲ್ಲ. ಸರಣಿಯ ನಡುವೆ ಡರ್ಕ್ ನ್ಯಾನೆಸ್ ಗಾಯಗೊಂಡಾಗ ಬದಲಿಯಾಗಿ ಕರೆಸಿಕೊಂಡರು. ಬಂದವನು ಮೊದಲ ಪಂದ್ಯದಲ್ಲೇ ಈಡನ್ ಗಾರ್ಡನ್ಸ್‌ನಲ್ಲಿ, ತನ್ನನ್ನು ಬಿಟ್ಟ ಕೋಲ್ಕತ್ತದ ವಿರುದ್ಧವೇ, ಅಜೇಯ 102 ಬಾರಿಸಿದ. ಆ ವರ್ಷ 608 ರನ್ ಗಳಿಸಿ, ಅತಿ ಹೆಚ್ಚು ರನ್ ಹೊಡೆದವರಿಗೆ ಸಿಗುವ ಆರೆಂಜ್ ಕ್ಯಾಪ್ ತೊಟ್ಟ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಪುಣೆ ವಾರಿಯರ್ಸ್ ಬೌಲರ್‌ಗಳಿಗೆ ಆದ ಗತಿ ಎಲ್ಲರಿಗೂ ಗೊತ್ತು: 66 ಎಸೆತ, 17 ಸಿಕ್ಸರ್, ಅಜೇಯ 175.

ರಜತ್ ಪಾಟಿದಾರ್ ಕಥೆಯೂ ಹೀಗೇ. 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗ. ಕರ್ನಾಟಕದ ವಿಕೆಟ್ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡಿದ್ದಕ್ಕೆ 20 ಲಕ್ಷಕ್ಕೆ ಬದಲಿಯಾಗಿ ಬಂದ. ಲಖನೌ ವಿರುದ್ಧದ ಎಲಿಮಿನೇಟರ್‌ನಲ್ಲಿ ಅಜೇಯ 112. ಮೂರು ವರ್ಷದ ಮೇಲೆ ಆತನೇ ನಾಯಕ.

ಆದರೆ ಗಾಂಧಿನಗರದ ಜಗಳ ಬಿಸಿಯೇರುವುದು ಹೊರಗಿನವರ ವಿಚಾರಕ್ಕಲ್ಲ. ನಮ್ಮ ಹುಡುಗರನ್ನು ನಾವೇ ಯಾಕೆ ಬಿಟ್ಟುಕೊಟ್ಟೆವು ಎಂಬುದಕ್ಕೆ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ; 2009ರಲ್ಲಿ, ಆರ್‌ಸಿಬಿ ಅಂಗಿಯಲ್ಲೇ. ರಾಬಿನ್ ಉತ್ತಪ್ಪನೂ ಅದೇ ತಂಡದಲ್ಲಿದ್ದ. 2011ರ ಹೊತ್ತಿಗೆ ಇಬ್ಬರೂ ಪುಣೆ ಸೇರಿದ್ದರು, ಅಲ್ಲಿಂದ ಕೋಲ್ಕತ್ತ. 2014ರ ಫೈನಲ್ ನಡೆದದ್ದು ಚಿನ್ನಸ್ವಾಮಿಯಲ್ಲಿ. ಪಂಜಾಬ್ ಕೊಟ್ಟ 200 ರನ್ ಗುರಿಯನ್ನು ಕೋಲ್ಕತ್ತ ಮುಟ್ಟಿದ್ದು ಮನೀಶ್ ಹೊಡೆದ 94ರಿಂದ. ಆ ವರ್ಷದ ಆರೆಂಜ್ ಕ್ಯಾಪ್, 660 ರನ್, ಉತ್ತಪ್ಪನದು. ಕೋಲ್ಕತ್ತದ ಅದೇ ತಂಡದಲ್ಲಿ ದಾವಣಗೆರೆಯ ವಿನಯ್ ಕುಮಾರ್ ಕೂಡ ಇದ್ದರು, ಕರ್ನಾಟಕಕ್ಕೆ ಸಾಲಾಗಿ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಕಪ್ ಬೆಂಗಳೂರಿನ ಅಂಗಳದಲ್ಲಿ, ಕನ್ನಡಿಗರ ಕೈಯಲ್ಲಿ, ಕೋಲ್ಕತ್ತದ ಹೆಸರಿನಲ್ಲಿ!

ಕೆ.ಎಲ್. ರಾಹುಲ್ ವಿಷಯ ಇದಕ್ಕಿಂತ ನೋವಿನದು. ಐಪಿಎಲ್‌ಗೆ ಕಾಲಿಟ್ಟದ್ದು ಆರ್‌ಸಿಬಿಯಿಂದ, 2016ರ ಫೈನಲ್ ಆಡಿದ್ದೂ ಆರ್‌ಸಿಬಿಗೆ. 2018ರ ಹರಾಜಿನಲ್ಲಿ 11 ಕೋಟಿಗೆ ಪಂಜಾಬ್ ಪಾಲು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನ ಹೊತ್ತಿಗೆ ಇನ್ನೇನು ಮನೆಗೆ ಬಂದೇಬಿಟ್ಟ ಎಂದು ಊರೆಲ್ಲ ಕಾದಿತ್ತು. 14 ಕೋಟಿಗೆ ಕೊಂಡದ್ದು ಡೆಲ್ಲಿ ಕ್ಯಾಪಿಟಲ್ಸ್. ನಮಗೆ ಮೊದಲು ಸಿಕ್ಕವರು ಲಿಯಾಮ್ ಲಿವಿಂಗ್‌ಸ್ಟನ್, 8.75 ಕೋಟಿಗೆ. 2025ರ ಏಪ್ರಿಲ್ 10ರಂದು ರಾಹುಲ್ ಚಿನ್ನಸ್ವಾಮಿಗೆ ಬಂದು ಅಜೇಯ 93 ಹೊಡೆದು ಪಂದ್ಯ ಕಿತ್ತುಕೊಂಡರು. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು ನಡುವೆ ಊರಿದರು. 'ಕಾಂತಾರ' ಸಿನಿಮಾ ನೋಡಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸೋತ ಬೇಸರದಲ್ಲೂ ಆ ರಾತ್ರಿ ಹೆಮ್ಮೆಪಟ್ಟವರು ಇಲ್ಲಿ ಕಡಿಮೆಯಿರಲಿಲ್ಲ.

ಬಳ್ಳಾರಿಯವರಿಗೆ ಇದರಲ್ಲಿ ಇನ್ನೊಂದು ಎಳೆ ಸಿಗುತ್ತದೆ. ಡೆಲ್ಲಿ ಕ್ಯಾಪಿಟಲ್ಸ್‌ನ ಅರ್ಧ ಒಡೆತನ 2018ರಿಂದ ಜೆಎಸ್‌ಡಬ್ಲ್ಯೂ ಸಮೂಹದ್ದು. ಅದರ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ತೋರಣಗಲ್ಲಿನಲ್ಲಿ. ಅಂದರೆ ಬೆಂಗಳೂರು ಬಿಟ್ಟುಕೊಟ್ಟ ರಾಹುಲ್‌ನನ್ನು ಕೊಂಡವರಲ್ಲಿ ಬಳ್ಳಾರಿಯ ಉಕ್ಕು ಮಾರಿದವರೂ ಇದ್ದಾರೆ! ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವೂ ಅವರದೇ. ಕಾರ್ಖಾನೆಯ ಪಕ್ಕದಲ್ಲೇ 2018ರಲ್ಲಿ ಅವರು ಕಟ್ಟಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜಾವೆಲಿನ್‌ನ ನೀರಜ್ ಚೋಪ್ರಾ ತರಬೇತಿ ಪಡೆದಿದ್ದಾರೆ. ಆದರೆ ಅಲ್ಲಿ ನಡೆಯುವುದು ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್. ಕ್ರಿಕೆಟ್ ಆಡುವ ಬಳ್ಳಾರಿ ಹುಡುಗನಿಗೆ ದಾರಿ ಬೇರೆಯೇ ಇದೆ, ಅದು ಉದ್ದವೂ ಇದೆ.

ಒಂದು ಕಾಲಕ್ಕೆ ನಮ್ಮೂರಿನ ಹೆಸರಿನ ತಂಡವೇ ಇತ್ತು. ಕರ್ನಾಟಕ ಪ್ರೀಮಿಯರ್ ಲೀಗಿನ ಬಳ್ಳಾರಿ ಟಸ್ಕರ್ಸ್ 2016ರಲ್ಲಿ ಕಪ್ ಗೆದ್ದಿತು. 2019ರ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಎದುರು ಎಂಟು ರನ್‌ಗಳಿಂದ ಸೋತಿತು. ಆ ಫೈನಲ್‌ನ ಮೇಲೇ ಮೋಸದಾಟದ ಆರೋಪ ಬಂತು, ಆಟಗಾರರ ಬಂಧನವಾಯಿತು, ಲೀಗೇ ನಿಂತುಹೋಯಿತು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ವಂಚನೆಯ ಕಲಮಿನಡಿ ಅಪರಾಧವಾಗದು ಎಂದು ಪ್ರಕರಣ ರದ್ದುಪಡಿಸಿತು. ನಿಂತುಹೋದ ಲೀಗಿನ ಜಾಗದಲ್ಲಿ ಅದೇ ವರ್ಷ ಶುರುವಾದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬಳ್ಳಾರಿ ಇಲ್ಲ. ಕಲ್ಯಾಣ ಕರ್ನಾಟಕಕ್ಕೆಲ್ಲ ಒಂದೇ ತಂಡ, ಗುಲ್ಬರ್ಗ ಮಿಸ್ಟಿಕ್ಸ್. ಮೊದಲ ವರ್ಷದ ಕಪ್ ಗೆದ್ದದ್ದೂ ಅದೇ, ಮನೀಶ್ ಪಾಂಡೆ ನಾಯಕತ್ವದಲ್ಲಿ.

ಈ ಭಾಗದವರು ಆರ್‌ಸಿಬಿಗೆ ಸಿಕ್ಕಿದ್ದೂ ಕಡಿಮೆ ಬೆಲೆಯ ಸಾಲಿನಲ್ಲೇ. ರಾಯಚೂರಿನ ಮನೋಜ್ ಭಾಂಡಗೆ 2025ರ ತಂಡಕ್ಕೆ ಬಂದದ್ದು 30 ಲಕ್ಷಕ್ಕೆ. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್‌ಗೆ 2023ರ ಮಹಿಳಾ ಪ್ರೀಮಿಯರ್ ಲೀಗಿನ ಹರಾಜಿನಲ್ಲಿ ಸಿಕ್ಕಿದ್ದು 10 ಲಕ್ಷ. ಆ ಹರಾಜಿನಲ್ಲಿ ಮೊಟ್ಟಮೊದಲು ಕೂಗಿದ ಹೆಸರು ಸ್ಮೃತಿ ಮಂದಾನ, 3.40 ಕೋಟಿಗೆ ಆರ್‌ಸಿಬಿ ಹಿಡಿದ ಹಟ ಬಿಡದೆ ಕೊಂಡಿತು. ಇಲ್ಲಿ ಮಾತ್ರ ಮೊದಲ ಆಯ್ಕೆ, ಕೊನೆಯ ಸಾಲು ಎರಡೂ ಫಲ ಕೊಟ್ಟವು. 2024ರ ಮಾರ್ಚ್ 17ರಂದು ಸ್ಮೃತಿ ಬೆಂಗಳೂರಿಗೆ ಮೊದಲ ಕಪ್ ತಂದರು. ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ತೆಗೆದವಳು ಶ್ರೇಯಾಂಕಾ, ಅತಿ ಹೆಚ್ಚು ವಿಕೆಟ್‌ಗೆ ಸಿಗುವ ಪರ್ಪಲ್ ಕ್ಯಾಪ್ ಕೂಡ ಆಕೆಯದೇ.

ಗಂಡಸರು ಇನ್ನೊಂದು ವರ್ಷ ಕಾಯಬೇಕಾಯಿತು. 2025ರ ಜೂನ್ 3, ಅಹಮದಾಬಾದ್, ಪಂಜಾಬ್ ವಿರುದ್ಧ ಆರು ರನ್ ಗೆಲುವು. ಆ ತಂಡದಲ್ಲಿ 12.5 ಕೋಟಿಯ ಹೇಜಲ್‌ವುಡ್ 22 ವಿಕೆಟ್ ಕಿತ್ತು ಬೆಲೆ ತೀರಿಸಿದರು, ನಿಜ. ಆದರೆ ಫೈನಲ್‌ನ ಪಂದ್ಯಶ್ರೇಷ್ಠ 5.75 ಕೋಟಿಯ ಕೃಣಾಲ್ ಪಾಂಡ್ಯ, ನಾಲ್ಕು ಓವರಿಗೆ 17 ರನ್, ಎರಡು ವಿಕೆಟ್. ಕಪ್ ಎತ್ತಿದ್ದು 2022ರಲ್ಲಿ ಯಾರಿಗೂ ಬೇಡವಾಗಿದ್ದ ಪಾಟಿದಾರ್. ಮಂಡಿಯೂರಿ ಕಣ್ಣೀರಿಟ್ಟದ್ದು 12 ಲಕ್ಷಕ್ಕೆ ಬಂದು ಹದಿನೆಂಟು ವರ್ಷ ಉಳಿದ ಕೊಹ್ಲಿ. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಯಾವ ಕಪ್ಪಿನ ಲೆಕ್ಕಕ್ಕೂ ಅದನ್ನು ಸೇರಿಸುವಂತಿಲ್ಲ, ಮರೆಯುವಂತೆಯೂ ಇಲ್ಲ.

ಒಂದು ಹೆಸರನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ದೇವದತ್ತ ಪಡಿಕ್ಕಲ್ ಮೊದಲು 20 ಲಕ್ಷಕ್ಕೆ ಆರ್‌ಸಿಬಿ ಸೇರಿ 2020ರಲ್ಲಿ 473 ರನ್ ಹೊಡೆದರು. 2022ರಲ್ಲಿ 7.75 ಕೋಟಿಗೆ ರಾಜಸ್ಥಾನ ಎತ್ತಿಕೊಂಡು ಹೋಯಿತು. ಜೆಡ್ಡಾದಲ್ಲಿ ಮೊದಲ ಸಲ ಹೆಸರು ಕೂಗಿದಾಗ ಯಾರೂ ಕೊಳ್ಳಲಿಲ್ಲ. ಉಳಿದವರನ್ನು ಬೇಗಬೇಗ ಕೂಗಿ ಮುಗಿಸುವ ಸುತ್ತಿನಲ್ಲಿ 2 ಕೋಟಿಗೆ ವಾಪಸ್ ಬಂದರು, ಕಪ್ ಗೆದ್ದ ವರ್ಷ ಗಾಯಗೊಳ್ಳುವ ತನಕ ಮೇಲಿನ ಕ್ರಮಾಂಕ ಹಿಡಿದುನಿಂತರು. ಆದ್ದರಿಂದ ಮುಂದಿನ ಹರಾಜು ಟಿವಿಯಲ್ಲಿ ಬಂದಾಗ ಕೋಟಿಗಳ ಮೊದಲ ಗಂಟೆ ನೋಡಿ ಎದ್ದು ಹೋಗಬೇಡಿ. ಕೊನೆಯ ಸುತ್ತಿನವರೆಗೂ ಕೂತು ನೋಡಿ, ಸಿಕ್ಕ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.